ತವರಿನ ಹೆಸರು

“ಸಹಿ ಮಾಡು ಅಂದ್ರ ಮಾಡಬೇಕು! ನನ್ನ ಮಗನ ಮಾತಿಗೆ ಬೀಗ ಹಾಕ್ಲಿಕ್ಕೆ ನೀ ಯಾರವಾ?”

ವತ್ಸಲಾಬಾಯಿಯ ದನಿ ಪಡಸಾಲೆಯನ್ನೆಲ್ಲ ತುಂಬಿತು. ಅನುಜಾ ಅತ್ತೆಯ ಮುಖ ನೋಡಲಿಲ್ಲ. ಗಂಡ ಮಿಲಿಂದ ತೀರಿಕೊಂಡಂದಿನಿಂದ ಈ ಮನೆಯ ಬೈಗುಳಗಳು ಅವಳಿಗೆ ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿದ್ದವು.

ಮಿಲಿಂದ ಬದುಕಿದ್ದಾಗ ಮನೆತನದ ವಂಶಾವಳಿ ಹುಡುಕಲೆಂದು ಒಂದು ಇ-ಮೇಲ್ ಬಳಗ ಕಟ್ಟಿದ್ದ. ವಿಜಯಪುರ, ಬಬಲೇಶ್ವರ, ಪುಣೆ ಎಂದು ಚದುರಿಹೋದ ಬಂಧುಗಳಲ್ಲಿ ಒಬ್ಬರು ಬರೆದದ್ದು ಬಳಗದ ಎಲ್ಲರಿಗೂ ತಲುಪುತ್ತಿತ್ತು, ಹೊರಗಿನವರಿಗಲ್ಲ. ಯಾರ ಮುತ್ತಜ್ಜ ಯಾರು ಎಂದು ಆರಂಭವಾದ ಮಾತು ಬರಬರುತ್ತ ಮನೆಯೊಳಗಿನ ದುಃಖಗಳವರೆಗೂ ಹೋಗಿತ್ತು. ಈಗ ಆ ಸೇವೆ ಕೊಡುತ್ತಿದ್ದ ಕಂಪನಿ ಬಾಗಿಲು ಮುಚ್ಚುತ್ತಿತ್ತು. ಪತ್ರಗಳನ್ನೆಲ್ಲ ಜಗತ್ತೇ ಓದುವಂತೆ ಒಂದು ಜಾಲತಾಣದಲ್ಲಿಟ್ಟು, ಮಗನ ವರ್ಷಾಂತಿಕದ ದಿನ ತೆರೆಯಬೇಕೆಂಬುದು ಮಾವ ಪ್ರಲ್ಹಾದರ ಹಂಬಲ. ಕೆಲಸ ವಹಿಸಿಕೊಂಡವನು ಅವರ ತಂಗಿಯ ಮಗ ಸುಶೀಲೇಂದ್ರ.

“ಬರದಾವರದೇ ಹಕ್ಕು ಇರ್ತದ ವೈನಿ,” ಎಂದ ಅವನು ಮೆತ್ತಗೆ. “ಮಿಲಿಂದನ ಪತ್ರಕ್ಕ ವಾರಸದಾರರು ಅಂತ ಮಾಮಿ ಜೋಡಿ ನಿಮ್ಮ ಒಪ್ಪಿಗಿನೂ ಬೇಕು.”

“ಉಳಿದಾವರನ್ನ ಕೇಳಿದ್ಯಾ?”

“ಎಲ್ಲಾರೂ ನಮ್ಮವರೇ ಅಲ್ಲೇನ್ರಿ?”

“ನಮ್ಮವರು ಅಂತ ನಮಗ ಬರದಾರ. ಊರಿಗಲ್ಲ. ಸಂಪದಾನ ಪತ್ರ?”

“ಆಕಿ ಹೆಸರು ಎಲ್ಲಾ ಕಡೆ ತಗದೀನಿ! ಕಂಪ್ಯೂಟರಿಗೆ ಒಂದು ಮಾತು ಹೇಳಿದೆ, ಪತ್ರದೊಳಗಿನ ಸಂಪದಾ ಅಂಬೋದು ಪೂರಾ ಅಳಿಸಿ ಹಾಕ್ತು.”

“ಆಕಿ ಸಂಪದಾ ಆದದ್ದು ಯಾವಾಗ, ಸುಶೀಲೇಂದ್ರ?”

ಸುಶೀಲೇಂದ್ರ ನಾಲಿಗೆ ಕಚ್ಚಿಕೊಂಡ. ಸಂಪದಾ ಪ್ರಲ್ಹಾದರ ತೀರಿಕೊಂಡ ತಮ್ಮನ ಮಗಳು. ಬೆಳೆದದ್ದು ಇದೇ ಮನೆಯಲ್ಲಿ. ಮದುವೆಯ ದಿನ ತಿಕೋಟಾದ ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದ ಹೊಸ ಹೆಸರು ಸಂಪದಾ. ಅಲ್ಲಿಯವರೆಗೆ ಅವಳು ಚಿತ್ರಾ. ಪತ್ರ ಬರೆದದ್ದು ಮದುವೆಗೆ ಮುಂಚೆ, ಕೆಳಗೆ ಇದ್ದದ್ದು ಚಿತ್ರಾ ಎಂದೇ. ಹಿಂದೊಮ್ಮೆ ಹುಚ್ಚಿಯೆಂದು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದ ಅಜ್ಜಿಯೊಬ್ಬಳ ಸುದ್ದಿ ಬಳಗದಲ್ಲಿ ಬಂದಾಗ, ‘ನನಗಾದದ್ದೇ ಅವಳಿಗೂ ಆಗಿತ್ತೇ?’ ಎಂದು ಕೇಳಿ, ಮನೋರೋಗದ ಆಸ್ಪತ್ರೆಯಲ್ಲಿ ತಾನು ಕಳೆದ ದಿನಗಳನ್ನೆಲ್ಲ ಆಕೆ ತೋಡಿಕೊಂಡಿದ್ದಳು. ಅದು ಗಂಡನಿಗೆ ಗೊತ್ತಿತ್ತು... ಅವನ ತಾಯಿಗೆ ಗೊತ್ತಿರಲಿಲ್ಲ. ಇನ್ನು ಹೊಸ ಜಾಲತಾಣದ ವಂಶಾವಳಿಯ ಪುಟದಲ್ಲಿ ‘ಸಂಪದಾ, ತವರಿನ ಹೆಸರು ಚಿತ್ರಾ’ ಎಂದು ಸುಶೀಲೇಂದ್ರನೇ ಬೆರಳಚ್ಚು ಮಾಡಿದ್ದ!

“ಹಂಗಾದ್ರ ಆ ಪತ್ರ ಒಂದು ಬಿಡ್ರಿ,” ಎಂದರು ಪ್ರಲ್ಹಾದರು.

“ಅದಕ್ಕ ನಿಮ್ಮ ಮಗ ಬರದ ಉತ್ತರಾನೂ ಹೋಗ್ತದ ಮಾವ,” ಎಂದಳು ಅನುಜಾ. “ಆಕಿ ಒಂದೊಂದು ಮಾತು ಎತ್ತಿಕೊಂಡು ಬರದಾರ.”

“ನನಗ ಆ ಉತ್ತರಾನೇ ಬೇಕು!” ವತ್ಸಲಾಬಾಯಿ ಎದೆ ಬಡಿದುಕೊಂಡರು.

ಏಕೆಂದು ಅನುಜಾಳಿಗೆ ಗೊತ್ತಿತ್ತು. ಆ ಉತ್ತರದಲ್ಲಿ ಮಿಲಿಂದ ಬರೆದಿದ್ದ: ‘ಅವ್ವನ ಬಾಯಿ ಒರಟು, ಚಿತ್ರಾ. ಆದರೆ ಆಸ್ಪತ್ರೆಯ ವರಾಂಡದಲ್ಲಿ ನಿನಗಾಗಿ ನೆಲದ ಮೇಲೆ ಮಲಗಿದವಳು ಅವಳೊಬ್ಬಳೇ. ಅಂಥ ತಾಯಿ ನನಗೆ ಸಿಕ್ಕಿದ್ದಾಳೆಂದು ಅವಳೆದುರು ಹೇಳುವ ಧೈರ್ಯ ನನಗಿಲ್ಲ.’

“ಎದುರಿಗಿದ್ದಾಗ ಬರೇ ಜಗಳ ಆಡಿದ ನನ್ನ ಕೂಸು... ನನ್ನ ಬಗ್ಗೆ ಛಲೋ ಮಾತು ಅಂದದ್ದು ಅದೊಂದೇ. ಮಂದಿ ಓದ್ಲಿ! ವತ್ಸಲಾಬಾಯಿ ಬರೇ ಬಾಯಿಬಡಕಿ ಅಲ್ಲ ಅಂತ ತಿಳೀಲಿ!”

ಅನುಜಾಳ ಪಾಲಿಗೂ ಗಂಡನ ದನಿ ಆ ಪತ್ರದಲ್ಲಿದ್ದಷ್ಟು ಬೇರೆಲ್ಲೂ ಇರಲಿಲ್ಲ. ಆದರೂ ಹೇಳಿದಳು: “ನಾ ಸಹಿ ಮಾಡಂಗಿಲ್ಲ.”

“ಗಂಡನ್ನ ನುಂಗಿದಿ... ಈಗ ಅವನ ಮಾತೂ ನುಂಗ್ತೀ!”

“ಸಾಕು ಮಾಡು!” ಎಂದು ಪ್ರಲ್ಹಾದರು ಗದರಿದರು. ಆದರೆ ಅವರೂ ಸೊಸೆಯ ಕಡೆ ನೋಡಲಿಲ್ಲ.

ಮೂರನೆಯ ದಿನ ತಿಕೋಟಾದ ಬಸ್ಸಿಳಿದು ಸಂಪದಾ ಬಂದಳು. ಸುಶೀಲೇಂದ್ರನೇ ಫೋನ್ ಮಾಡಿ ಎಲ್ಲ ಹೇಳಿದ್ದ. ಚಪ್ಪಲಿ ಬಿಟ್ಟವಳೇ ನೇರ ವತ್ಸಲಾಬಾಯಿಯ ಕಾಲ ಬಳಿ ಕುಳಿತಳು.

“ಆ ಪತ್ರ ತಾಣಕ್ಕ ಏರಸ್ರಿ ದೊಡ್ಡವ್ವ. ನೆಲದ ಮ್ಯಾಲೆ ಮಲಗಿದಾಕಿ ನೀವು. ಅಷ್ಟೂ ಕೊಡಲಿಲ್ಲ ಅಂದ್ರ ನಾ ಮನುಷ್ಯಾಳೇ ಅಲ್ಲ. ನಮ್ಮ ಅತ್ತಿಯವರಿಗೆ... ನಾನೇ ಮೊದಲ ಹೇಳಿಬಿಡ್ತೀನಿ.”

ಹೇಳುತ್ತಿದ್ದಂತೆ ಅವಳ ಬೆರಳುಗಳು ಸೆರಗಿನಂಚನ್ನು ಹಿಂಡತೊಡಗಿದವು, ಬಿಡಲೇ ಇಲ್ಲ. ವತ್ಸಲಾಬಾಯಿ ಆ ಬೆರಳುಗಳನ್ನೇ ನೋಡುತ್ತ ಕುಳಿತರು.

“ಗುಳಿಗಿ ತಗೋಳಿಕ್ಕತ್ತೀಯಿಲ್ಲೋ?”

“ಹೂಂ.”

“ನಿದ್ದಿ?”

“ಎರಡು ದಿನ ಆತು... ಬಂದಿಲ್ಲ.”

“ಏ ಹುಚ್ಚಿ...” ಎಂದವರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಕೈ ಇಳಿಸಿದಾಗ ದನಿ ಬೇರೆಯಾಗಿತ್ತು. “ಸುಶೀಲೇಂದ್ರ, ತಗಿಯೋ ಅದನ್ನ. ಆಕಿದೂ ತಗಿ, ಅವಂದೂ ತಗಿ. ಉಳದಾವರಿಗೆಲ್ಲ ಕೇಳಿ ಹಾಕು.” ಅನುಜಾಳ ಕಡೆ ತಿರುಗಿ, “ನಿಂತೇನ ನೋಡ್ತಿ? ಹುಡುಗಿಗೆ ಒಂದು ತುತ್ತು ಊಟಕ್ಕ ಹಾಕು,” ಎಂದರು.

ವರ್ಷಾಂತಿಕದ ದಿನ ತಾಣ ತೆರೆಯಿತು. ಊಟ ಮುಗಿದ ಮೇಲೆ ಬಂಧುಗಳು ತಮ್ಮ ತಮ್ಮ ಮೊಬೈಲಿನಲ್ಲಿ ಮಿಲಿಂದನ ಪತ್ರಗಳನ್ನು ಓದಿ ಕಣ್ಣೊರೆಸಿಕೊಂಡರು. ಸೊಸೆಯ ಜೊತೆ ಬಂದಿದ್ದ ಸಂಪದಾಳ ಅತ್ತೆ ಕನ್ನಡಕ ಏರಿಸಿಕೊಂಡು ಪುಟ ಸರಿಸುತ್ತ ಸರಿಸುತ್ತ ಕೇಳಿಯೇಬಿಟ್ಟರು:

“ಅಲ್ರೀ ವತ್ಸಲಾಬಾಯಿ, ಊರ ಮಂದಿ ಬಗ್ಗೆ ಎಲ್ಲಾ ಎಷ್ಟು ಛಂದ ಬರದಾನ ನಿಮ್ಮ ಮಗ! ಹಡದಾಕಿ ಬಗ್ಗೆ ಒಂದಕ್ಷರ ಇಲ್ಲಲ್ರೀ?”

ಯಾರೋ ಕಿಸಕ್ಕನೆ ನಕ್ಕರು. ಅನುಜಾ ಕೈಯೊಳಗಿನ ತಟ್ಟೆ ಕೆಳಗಿಟ್ಟಳು. ಸಂಪದಾ ಏನೋ ಹೇಳಲು ಎದ್ದಳು... ವತ್ಸಲಾಬಾಯಿ ಅವಳ ಮಣಿಕಟ್ಟು ಹಿಡಿದು ಜಗ್ಗಿ ಕೂರಿಸಿದರು.

“ಗಂಡ ಹುಡುಗ್ರು ತಾಯಿ ಬಗ್ಗೆ ಏನ ಬರೀತಾರ ಬಿಡ್ರಿ,” ಎಂದರು. “ಅದೂ ನನ್ನಂಥಾ ಬಾಯಿಬಡಕಿ ಬಗ್ಗೆ!”