ಅವನು ‘ಮುಗೀತು’ ಅಂದ ಸಂಜೆ

"ಕೊಟ್ಟೂರೇಶ್, ಒಂದೇ ಮಾತು ಹೇಳ್ರಿ. ಅಪ್ಪಾಜಿ ಹತ್ರ ಬಂದು ನನ್ನ ಕೇಳ್ತೀರೋ, ಇಲ್ವೋ?"

ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಲ್ಲಿ, ಕೋಣೆಯ ಬಾಗಿಲು, ಕಿಟಕಿ ಎರಡೂ ಮುಚ್ಚಿಕೊಂಡು ವಾಣಿಶ್ರೀ ಪಿಸುಗುಟ್ಟಿದಳು. ನಾಳೆ ನಿಶ್ಚಯಕ್ಕೆ ಬರಬೇಕೋ ಬೇಡವೋ ಎಂದು ಗಂಡಿನ ಕಡೆಯವರು ಇವತ್ತೇ ಉತ್ತರ ಕೇಳಿದ್ದರು.

ಅತ್ತ ಕೊಟ್ಟೂರೇಶ ಲೇತ್ ಅಂಗಡಿ ಮುಚ್ಚಿ, ಹರಿಹರದ ಸೇತುವೆ ಮೇಲೆ ಬೈಕ್ ನಿಲ್ಲಿಸಿ ಮಾತಾಡುತ್ತಿದ್ದ.

"ವಾಣಿ, ನಾನು..."

ಫೋನಿನ ಆ ಕಡೆ ಯಾರೋ ಕಿರುಚಿದರು. ಆಮೇಲೆ ಅವನದೇ ದನಿ: "ಅಯ್ಯೋ... ಮುಗೀತು!"

ಫೋನ್ ಕಟ್!

ಮತ್ತೆ ಕರೆ ಮಾಡಿದಳು. ಸ್ವಿಚ್ ಆಫ್!

ಮೂರು ವರ್ಷದ ಪ್ರೀತಿ... ಒಂದೇ ಮಾತಿಗೆ ಮುಗೀತಾ? ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ಅಪ್ಪ ಮುರುಗೇಶಪ್ಪ ಮಹಡಿಯಿಂದ ದಡದಡ ಇಳಿದು ಬಂದರು.

"ವಾಣಿ! ಮ್ಯಾಲೆ ಆಕಾಶದಾಗೆ ಈಗ..."

"ಅಪ್ಪಾಜಿ, ಅವ್ರಿಗೆ ಬರಾಕೆ ಹೇಳ್ರಿ. ನಂಗೆ ಒಪ್ಪಿಗೆ ಐತೆ."

ಅವರು ಮಗಳ ಮುಖವನ್ನೇ ನೋಡಿದರು. ಆಮೇಲೆ ಗಂಡಿನ ಕಡೆಯವರಿಗೆ ಫೋನ್ ಮಾಡಿದರು. ಬ್ಯುಸಿ! ಇವತ್ತು ಊರಿಗೆ ಊರೇ ಫೋನ್ ಹಿಡಿದು ಕೂತಂತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ... ಬ್ಯುಸಿ!

ಸಿಗದಿರಲಿ ದೇವರೇ... ಛೀ, ಸಿಗಲಿ!

ಐದನೇ ಸಲ ರಿಂಗಾಯಿತು. ಅಷ್ಟರಲ್ಲಿ ಗೇಟು ಸದ್ದಾಯಿತು.

ಕೊಟ್ಟೂರೇಶ! ಏದುಸಿರು ಬಿಡುತ್ತಿದ್ದ.

"ಯಾಕ ಬಂದ್ರಿ? ಮುಗೀತು ಅಂದ್ರಲ್ಲ!"

"ಹರಿಹರದ ಸೇತುವೆ ಮ್ಯಾಲಿದ್ನಲ್ಲ, ಆಕಾಶದಾಗೆ ಬೆಂಕಿ ಉಂಡೆ ಬಂತು ವಾಣಿ! ಹಗಲಾದಂಗೆ ಬೆಳಕಾತು. ನೇರ ದಾವಣಗೆರೆ ಮ್ಯಾಲೇ ಬೀಳ್ತೈತೆ ಅನ್ಕಂಡೆ. ನೀ ಇಲ್ಲಿದ್ದಿ... ಕೈ ಜಾರಿ ಫೋನ್ ಹೊಳೆಗೆ ಬಿತ್ತು."

"ಸುಳ್ಳು! ಎಂಥಾ ಕಥೆ ಕಟ್ತೀರಿ!"

"ಸುಳ್ಳಲ್ಲಮ್ಮ," ಎಂದರು ಮುರುಗೇಶಪ್ಪ. "ಮಹಡಿ ಮ್ಯಾಲಿಂದ ನಾನೂ ನೋಡ್ದೆ. ಉಲ್ಕೆ ಅದು, ಮ್ಯಾಲೇ ಉರಿದು ಹೋತು. ನನ್ ಬಾಯಾಗೂ ಅದೇ ಬಂತು, ಮುಗೀತು ಅಂತ. ನಾ ನಿನ್ನ ಹತ್ರ ಓಡಿ ಬಂದೆ. ಈ ಹುಡುಗ ಹರಿಹರದಿಂದ ಓಡಿ ಬಂದಾನೆ."

ಅವರ ಕೈಯಲ್ಲಿದ್ದ ಫೋನು "ಹಲೋ, ಹಲೋ" ಅನ್ನುತ್ತಿತ್ತು.

"ನಾಳೆ ಬರೋದು ಬ್ಯಾಡ್ರಿ. ತಪ್ಪು ತಿಳೀಬ್ಯಾಡ್ರಿ," ಎಂದು ಇಟ್ಟುಬಿಟ್ಟರು. ಆಮೇಲೆ ಕೊಟ್ಟೂರೇಶನ ಕಡೆ ತಿರುಗಿದರು. "ಒಳಗೆ ಬರ್ರಿ, ಕೂಡ್ರಿ. ಏನೋ ಕೇಳೋದೈತಲ್ಲ ನಿಮಗೆ?"

ಅಪ್ಪ ಒಳಗೆ ಹೋದರು. ವಾಣಿಯ ಕಣ್ಣು ಆಗ ತುಂಬಿ ಬಂತು.

"ಅಳಬ್ಯಾಡ," ಅವನು ಮೆಲ್ಲಗೆ ಅಂದ. "ಹೊಸ ಫೋನ್ ತಗೊಂಡು ಮೊದ್ಲು ನಿಂಗೇ ಮಾಡ್ತೀನಿ."

"ಬ್ಯಾಡ್ರಿ! ಇನ್ಮ್ಯಾಲೆ ಏನ್ ಹೇಳೋದಿದ್ರೂ ಹಿಂಗೇ ಎದುರಿಗೆ ಬಂದು ಹೇಳ್ರಿ."