ಎಲುಬಿನ ಡಬ್ಬಿಯಲ್ಲಿಟ್ಟ ಫೋನು

ನಾನು ಮೆಡಿಕಲ್ ಮೊದಲ ವರ್ಷದವಳು. ಪರೀಕ್ಷೆಗೆ ಓದಲೆಂದು ಕಟಕೋಳದ ಮನೆಗೆ ಬಂದರೂ ಕೈಯಿಂದ ಫೋನು ಇಳಿಯುತ್ತಿರಲಿಲ್ಲ. ಓದಿಗೆಂದು ತಂದಿದ್ದ ಮನುಷ್ಯರ ಎಲುಬುಗಳ ಡಬ್ಬಿ ಹಿತ್ತಲಲ್ಲಿತ್ತು. ಮೈಲಿಗೆಯೆಂದು ಅವ್ವ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

“ವರದಾ, ಆ ಫೋನ್ ಅದರಾಗ ಒಗಿ. ಮುಟ್ಟಿದಿ ಅಂದ್ರ ತಲಿಮ್ಯಾಲೆ ನೀರು ಹಾಕ್ಕೊಂಡಽ ಒಳಗ ಬರಬೇಕು ನೋಡು” ಎಂದಳು.

ಮಧ್ಯಾಹ್ನದೊಳಗೆ ಮೂರು ಸಲ ಸ್ನಾನ ಮಾಡಿದೆ. ನನ್ನ ಮೇಲೆ ನನಗೇ ರೇಗಿಹೋಯಿತು. ಫೋನು ಬಂದ್ ಮಾಡಿ, ಡಬ್ಬಿಗೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೆ.

ಕೂದಲು ಆರುವ ಮೊದಲೇ ಹಿತ್ತಲಿನಿಂದ ಟಕ್ ಟಕ್ ಸದ್ದು, ಉಗುರಿನಿಂದ ಗಾಜು ಬಡಿದಂತೆ.

ಒಲೆಯ ಮುಂದಿದ್ದ ಅವ್ವ ತಿರುಗದೆಯೇ ಕೂಗಿದಳು: “ಮತ್ತ ಅದನ್ನ ಹಿಡಕೊಂಡು ಕೂತೀಯೇನ?”

“ನಾ ಇಲ್ಲೇ ನಿನ್ನ ಹಿಂದ ನಿಂತೀನವ್ವಾ!”

ಸಿಟ್ಟಿನಿಂದಲೇ ಹೋಗಿ ಬೀಗ ತೆಗೆದೆ. ಒಳಗೆ ಬೆಳಕಿತ್ತು. ತಂತಿಯಲ್ಲಿ ಪೋಣಿಸಿದ ಕೈಬೆರಳಿನ ಎಲುಬುಗಳು ಫೋನಿನ ಮೇಲೆ ಬಿದ್ದಿದ್ದವು. ಫೋನು ತಣ್ಣಗಿತ್ತು. ಎಲುಬುಗಳು ಬೆಚ್ಚಗಿದ್ದವು.

ಫೋನಿನ ಲಾಕ್ ತೆರೆದಿತ್ತು. ಸೆಟ್ಟಿಂಗ್ಸ್ ನೋಡಿದೆ. ನಾನು ಅದಕ್ಕೆ ಕೊಟ್ಟಿದ್ದು ನನ್ನ ಬಲ ಹೆಬ್ಬೆರಳಿನ ಗುರುತು ಒಂದೇ. ಈಗಲೂ ಅದರಲ್ಲಿ ಇರುವುದು ಒಂದೇ ಗುರುತು.

ಮತ್ತೆ ಲಾಕ್ ಮಾಡಿ ಒತ್ತಿ ನೋಡಿದೆ. ನನ್ನ ಹೆಬ್ಬೆರಳಿಗೆ ಅದು ತೆರೆಯುತ್ತಿಲ್ಲ.