ಕಿಟಕಿಯಿಂದ ಇಳಿದ ಹುಡುಗಿ

"ನೀರಿಗೆ ಹಾಕಿಬಿಟ್ರಾ...?"

ಅಂಚೆಚೀಟಿ ಅಂಗಡಿಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಅಪ್ಪ ಕೂಡಿಟ್ಟ, ರೈಲಿನ ಚಿತ್ರವಿದ್ದ ಹಳೆಯ ಅಂಚೆಚೀಟಿಗಳ ಆಲ್ಬಮ್ಮನ್ನು ಸರಿಮಾಡಲೆಂದು ಅಂಗಡಿಯ ಯಜಮಾನರಿಗೆ ಕೊಟ್ಟು ಹೋಗಿದ್ದಳು. ಈಗ ನೋಡಿದರೆ ಬಿಳಿ ಬಟ್ಟಲಿನ ನೀರಲ್ಲಿ ಅಪ್ಪನ ಟಪಾಲು ರೈಲುಗಳು ತೇಲುತ್ತಿದ್ದವು.

ಚಿಮಟ ಹಿಡಿದಿದ್ದ, ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ ತಲೆಯೆತ್ತಿದ. "ಗೋಂದು ಕಾಗದವನ್ನೇ ತಿಂತಿತ್ತು. ನೀರಲ್ಲಿ ಬಿಡಿಸಿದ್ರೆ ಮಾತ್ರ ಉಳಿಯೋದು. ಹೆದರ್ಬೇಡಿ, ಅಚ್ಚಿನ ಬಣ್ಣ ಹೋಗಲ್ಲ."

ಅವಳು ಕೇಳಿಸಿಕೊಳ್ಳಲಿಲ್ಲ. ಒಣಗಿಸಿಟ್ಟಿದ್ದ ಕಂದು ಚೀಟಿಯನ್ನೇ ನೋಡುತ್ತಿದ್ದಳು. ಆ ರೈಲಿನ ಕೊನೆಯ ಕಿಟಕಿ ಖಾಲಿ.

"ಇಲ್ಲಿ ಒಬ್ಬಳು ಹುಡುಗಿ ಇದ್ದಳು... ಎರಡು ಜಡೆ."

ಅವನ ಮುಖ ಬಿಳಿಚಿತು. "ಪೆನ್ಸಿಲ್ ಗೀರು ಅಂದ್ಕೊಂಡೆ. ನೀರು ತಾಗಿದ ಕೂಡಲೇ ನೇರಳೆಯಾಗಿ ಬಿಟ್ಕೊಳ್ತು..."

ಅಪ್ಪ ರೈಲಿನ ಟಪಾಲು ಬೋಗಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಅಲ್ಲಿ ಕೊಡುತ್ತಿದ್ದ ಪೆನ್ಸಿಲ್ಲೇ ಹಾಗೆ. ಒಣಗಿದ್ದಾಗ ಬೂದು, ಒದ್ದೆಯಾದರೆ ನೇರಳೆ. ಅವರು ಕೆಲಸಕ್ಕೆ ಹೊರಟಾಗಲೆಲ್ಲ ಅಳುತ್ತಿದ್ದ ಮಗಳಿಗೆ ಒಮ್ಮೆ ಆ ಕಿಟಕಿಯಲ್ಲಿ ಎರಡು ಜಡೆ ಗೀಚಿ ತೋರಿಸಿದ್ದರು. "ನೋಡು ಪುಟ್ಟಿ, ನೀನು ನನ್ನ ಜೊತೇಲೇ ಬರ್ತಿದ್ದೀಯ."

ಅಪ್ಪ ತೀರಿಕೊಂಡ ಮೇಲೂ ಅವಳು ಆ ಕಿಟಕಿಯಲ್ಲಿ ಕೂತೇ ಇದ್ದಳು. ಇವತ್ತಿನವರೆಗೆ.

"ನಿಮಗೆ ಅದು ಕೊಳೆ, ಅಲ್ವಾ? ಉಳಿದದ್ದನ್ನ ಒಣಗಿಸಿ ಕಳಿಸಿ. ನೀವು ಮಾತ್ರ ಬರಬೇಡಿ."

ಆದರೂ ಅವನೇ ಬಂದ. ಚೀಟಿಗಳನ್ನು ಕೊಟ್ಟು, ತಲೆ ತಗ್ಗಿಸಿ ಹೋದ. ಆಮೇಲೆ ಅವಳೂ ಅಮ್ಮನೂ ನಡೆಸುವ ಹೊಲಿಗೆ ಅಂಗಡಿಗೆ ಗುಂಡಿ ಕಿತ್ತ ಅಂಗಿ ತಂದ. ಮುಂದಿನ ವಾರ ಇನ್ನೊಂದು. ಪ್ರತಿಸಲ ಏನೋ ಹೇಳಹೊರಟು, ಮಾತು ನುಂಗಿಕೊಂಡು ಹೋಗುತ್ತಿದ್ದ.

"ಆ ಹುಡುಗನ ಮೈಮೇಲೆ ಗುಂಡಿ ನಿಲ್ಲೋದೇ ಇಲ್ವಲ್ಲೇ," ಎಂದರು ಅಮ್ಮ, ಕಾಜ ಹೊಲಿಯುತ್ತಾ. "ಹಲ್ಲಲ್ಲಿ ಕಚ್ಚಿ ಕೀಳ್ತಾನೋ ಏನೋ."

ಅವಳು ನಗಲಿಲ್ಲ. ಆದರೆ ಅವನು ಬಾರದ ವಾರ ಸೂಜಿ ಮತ್ತೆ ಮತ್ತೆ ಬೆರಳಿಗೆ ಚುಚ್ಚಿತು. ಬೈಸಿಕೊಳ್ಳೋಕಾದರೂ ಬರಬಾರದಾ...?

ಕೊನೆಗೆ ಬಂದವನ ಕೈಯಲ್ಲಿ ಅಂಗಿ ಇರಲಿಲ್ಲ. ಶಾಯಿ ಹೀರುವ ಕಾಗದದ ಒಂದು ಹಾಳೆ ಇತ್ತು.

"ಆ ಚೀಟಿಯನ್ನ ಒತ್ತಿ ಒಣಗಿಸಿದ ಹಾಳೆ."

ಅವಳು ಬೆಳಕಿಗೆ ಹಿಡಿದಳು. ನಡುವೆ, ಅಕ್ಕಿಕಾಳಿನಷ್ಟು, ನೇರಳೆ ಬಣ್ಣದ ಹುಡುಗಿ. ಅಂಚು ಮಸುಕಾಗಿತ್ತು. ಚೀಟಿಯಿಂದ ಹಾಳೆಗೆ ಅಚ್ಚಿಳಿದದ್ದರಿಂದ ಮುಖ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಜಡೆ ಮಾತ್ರ ಎರಡೂ ಇದ್ದವು.

ಕಣ್ಣು ತುಂಬಿತು. ಹಾಳೆ ಒದ್ದೆಯಾದೀತೆಂದು ಅವಳು ಮುಖ ಆಚೆ ತಿರುಗಿಸಿದಳು.

"ಯಾವಾಗ ಸಿಕ್ತು?"

"ನೀವು ಹೋದ ಸಂಜೆಯೇ."

"ಮತ್ತೆ ಇಷ್ಟು ದಿನ...?"

"ಕೊಟ್ಟುಬಿಟ್ರೆ ಅಲ್ಲಿಗೇ ಮುಗಿದುಹೋಗುತ್ತೆ ಅಂತ ಭಯ. ಹೋದ ವಾರ ಗುಂಡಿ ಕೀಳುತ್ತಾ ಕೂತಿದ್ದಾಗ ನನ್ನ ಮೇಲೇ ನಾಚಿಕೆಯಾಯ್ತು. ಇದು ನಿಮ್ದು. ನಾನಿನ್ನು ಬರಲ್ಲ."

ಅವನು ಹೊಸ್ತಿಲವರೆಗೆ ಹೋದ.

"ನಿಲ್ಲಿ," ಎಂದಳು. "ಇವಳು ಅಪ್ಪನ ರೈಲಿನಿಂದ ಇಳಿದುಬಿಟ್ಟಿದ್ದಾಳೆ. ಕರ್ಕೊಂಡು ಹೋಗೋಕೆ ಯಾರೂ ಬರಲ್ವಾ?"

ಅವನು ಮೆಲ್ಲನೆ ತಿರುಗಿದ. "ಅವತ್ತಿನಿಂದ ಸ್ಟೇಷನ್ನಲ್ಲೇ ಕಾಯ್ತಿದ್ದೀನಿ."

"ಹಾಗಾದ್ರೆ ಗುಂಡಿ ಕೀಳ್ಬೇಡಿ," ಅವಳು ಕಣ್ಣೊರೆಸಿಕೊಂಡಳು. "ಸುಮ್ನೆ ಬನ್ನಿ."